ಇಂದ್ರಮ್ಮನ ಸಂಡಿಗೆ, ಮೇಷ್ಟ್ರ ತೂತು ಬಾಟ್ಲು

ಗುರುತ್ವಾಕರ್ಷಣೆಯನ್ನು ಒಂಬತ್ತನೇ ಕ್ಲಾಸಿನ ಮಕ್ಕಳ ಕಣ್ಣಿಗೇ ತೋರಿಸಿಬಿಡ್ತೀನಿ ಅಂತ ನಮ್ಮ ಕಶ್ಯಪ್ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಶಪಥವನ್ನೇ ಮಾಡಿಬಿಟ್ಟರು. ಶಾಲೆಯ ಟೆರೇಸಿಗೆ ಬೀಗ. ಹಾಗಾಗಿ ಭಾನುವಾರ ಮಕ್ಕಳ ದಂಡು ಮಲ್ಲತ್ತಹಳ್ಳಿಯ ಅವರ ಬಾಡಿಗೆ ಮನೆಗೇ ಬಂದಿಳಿಯಿತು.

ಅಂಗಳದಲ್ಲಿ ಓನರ್ ಇಂದ್ರಮ್ಮ ಮಂಚದ ತುಂಬ ಅಕ್ಕಿ ಸಂಡಿಗೆ ಹಾಕಿ ಕಾವಲು ಕೂತಿದ್ದರು.

"ಆಂಟಿ, ಟೆರೇಸಿಂದ ತೂತು ಬಾಟ್ಲು ಬಿಡ್ತೀನಿ. ಬಾಟ್ಲು, ನೀರು ಎರಡೂ ಒಟ್ಟಿಗೇ ಬೀಳ್ತವಲ್ಲ, ಅದಕ್ಕೇ ಬೀಳೋವಾಗ ತೂತಿಂದ ಒಂದು ಹನೀನೂ ಆಚೆ ಬರಲ್ಲ."

"ಬಂದ್ರೆ ಮನೆ ಖಾಲಿ ಮಾಡ್ತೀರಾ?"

"ಇವತ್ತೇ," ಅಂದುಬಿಟ್ಟರು ಮಹಾನುಭಾವರು.

"ರೀ, ಇಂಥ ಮನೆ ಮತ್ತೆ ಸಿಗಲ್ಲ," ಎಂದು ಹೆಂಡತಿ ಸ್ಮೃತಿ ಶರ್ಟು ಜಗ್ಗಿದಳು. ವಿಜ್ಞಾನ ಹಿಂದೆ ತಿರುಗಿಯೂ ನೋಡಲಿಲ್ಲ.

ಮೇಲೆ ಹೋಗಿ, ತೂತಿಗೆ ಒತ್ತಿದ್ದ ಬೆರಳು ತೆಗೆದು ಬಾಟ್ಲು ಬಿಟ್ಟರು. ಆಹಾ, ಏನು ಠೀವಿಯಿಂದ ಇಳಿಯಿತು ಅಂತೀರಿ! ಹನಿ ನೀರು ಸೋರಲಿಲ್ಲ. ಮಕ್ಕಳು ಚಪ್ಪಾಳೆಗೆ ಕೈ ಎತ್ತುವಷ್ಟರಲ್ಲಿ ಅದು ಮಂಚದ ಪಕ್ಕದ ಕಲ್ಲಿಗೆ ಬಡಿದು ಒಡೆಯಿತು. ಅರ್ಧ ಸಂಡಿಗೆ ವಾಪಸ್ ಹಿಟ್ಟಾಯಿತು.

ಮೇಷ್ಟ್ರು ಬಿದ್ದೆನೋ ಎದ್ದೆನೋ ಅಂತ ಕೆಳಗೆ ಓಡಿ ಬಂದರು. "ಆಂಟಿ, ಇದು ಬಿದ್ದಮೇಲೆ ಬಂದ ನೀರು. ಲೆಕ್ಕಕ್ಕಿಲ್ಲ."

"ನನ್ನ ಕಣ್ಣು ಸಂಡಿಗೆ ಮೇಲಿತ್ತು, ನಾನು ನೋಡ್ಲಿಲ್ಲ. ಈ ಸಲ ನಾನೇ ಬಿಡ್ತೀನಿ. ನೀವು ಇಲ್ಲೇ ನಿಂತು ಹಿಡ್ಕೊಳ್ಳಿ, ಮಿಕ್ಕ ಸಂಡಿಗೆನಾದ್ರೂ ಉಳೀಲಿ. ಒಂದು ಹನಿ ಸೋರ್ಲಿ, ಸಂಜೆಗೇ ಸಾಮಾನು ಲಾರಿಗೆ."

ಇನ್ನೊಂದು ಬಾಟ್ಲಿಗೆ ತೂತು ಬಿತ್ತು. ಇಂದ್ರಮ್ಮ ಸೆರಗು ಸಿಕ್ಕಿಸಿ ಮೆಟ್ಟಿಲು ಹತ್ತಿದರು, ಹಿಂದೆ ಸ್ಮೃತಿ. ಮೇಷ್ಟ್ರು ಕೈ ಚಾಚಿ ನಿಂತರು. ಮನೆ ಉಳಿಯುತ್ತೋ ಇಲ್ಲವೋ ಅಂತ ಎದೆ ಢವಢವ ಹೊಡೆದುಕೊಳ್ಳುತ್ತಿತ್ತು. ಬಾಟ್ಲು ಬಂತು, ಕೈಗಳ ನಡುವೆ ನುಸುಳಿ ಅದೇ ಎದೆಗೆ ಗುದ್ದಿತು. ಮೇಷ್ಟ್ರು ತೊಯ್ದು ತೊಪ್ಪೆಯಾದರು.

"ಹೌದು ಕಣ್ರೀ, ಹನೀನೂ ಸೋರ್ಲಿಲ್ಲ," ಮೇಲಿಂದ ಇಂದ್ರಮ್ಮನ ತೀರ್ಪು ಬಂತು. "ಮನೇಲಿ ಇರ್ಕೊಳ್ಳಿ."

ಮಕ್ಕಳು ಕುಣಿದಾಡಿದರು. ಮೇಷ್ಟ್ರಿಗೆ ಹೋದ ಜೀವ ಬಂತು.

"ಆದ್ರೆ ಮೇಷ್ಟ್ರೇ, ಒಂದು ಡೌಟು," ಇಂದ್ರಮ್ಮ ಮೇಲಿಂದ ಬಗ್ಗಿದರು. "ಇದಕ್ಕಿಂತ ಭಾರದ್ದು ಬಿಟ್ರೆ ಇನ್ನೂ ಬೇಗ ಬೀಳುತ್ತಾ?"

ಎಂಥ ಪ್ರಶ್ನೆ! ಮೇಷ್ಟ್ರು ಪುಳಕಗೊಂಡು ತಲೆ ಎತ್ತಿದರು. ಪ್ಯಾರಾಪೆಟ್ ಮೇಲೆ ಸ್ಮೃತಿ ಇಪ್ಪತ್ತು ಲೀಟರಿನ ನೀರಿನ ಕ್ಯಾನು ತಂದು ಇಡುತ್ತಿದ್ದಳು.

"ರೀ, ಅಲ್ಲೇ ನಿಂತಿರಿ. ಮಾಡೇ ತೋರಿಸಿಬಿಡೋಣ."

"ಬೇಡ ಕಣೇ, ಅದೆಲ್ಲ ಪುಸ್ತಕದಲ್ಲೇ ಇದೆ," ಅಂದವರೇ ಮೇಷ್ಟ್ರು ಮಂಚದ ಕೆಳಗೆ ತೂರಿಕೊಂಡರು. "ಓದ್ಕೊಂಡ್ರೆ ಸಾಕು."