ಐಪಿಓಗೆ ಉಪಚಾರ

ನಮ್ಮ ಚಿಕ್ಕಪ್ಪ ಊಟ ಮಾಡುವುದನ್ನು ಕಂಡವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಬೇಕಾದರೆ ಚಿಕ್ಕಮ್ಮನನ್ನೇ ಕೇಳಿ. ಮದುವೆಯ ದಿನ ಒಂದು ಲಾಡು ಕಚ್ಚಿದ ನೆನಪಿದೆ, ಅದೂ ಫೋಟೋ ತೆಗೆಯುವವನ ಬಲವಂತಕ್ಕೆ, ಎನ್ನುತ್ತಾರೆ. ಆದರೂ ಮನುಷ್ಯ ಗುಂಡುಗುಂಡಾಗಿದ್ದಾರೆ. ಗಾಳಿ ಕುಡಿದು ಬದುಕುತ್ತಾರೆಯೇ? ಛೆ, ಇಲ್ಲ. ಅವರು ಬಡಿಸಿ ಬದುಕುತ್ತಾರೆ!

ಹಾಸನದ ಕಡೆಯ ಮದುವೆಮನೆಗಳಲ್ಲಿ ಮೀಸೆ ಮೂಡುವ ಮೊದಲೇ ತುಪ್ಪದ ಮಿಳ್ಳೆ ಹಿಡಿದವರು ಅವರು. ಸಾಫ್ಟ್‌ವೇರ್ ಎಂಬುದು ಆಮೇಲೆ ಬಂದ ಉಪಕಸುಬು. ಈಗ ಇಲ್ಲಿ ಅಮೆರಿಕದಲ್ಲಿ ಯಾರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾದರೂ ಅಂಗಿಯ ತೋಳು ಮಡಚಿಕೊಂಡು ಮೊದಲು ಅಡುಗೆಮನೆಗೆ ನುಗ್ಗುವವರು ಇವರೇ. ಆದರೆ ಅಮೆರಿಕದ ಪೇಪರ್ ತಟ್ಟೆಯಲ್ಲಿ ಒಂದು ದೊಡ್ಡ ದೋಷವಿದೆ. ಬಾಳೆ ಎಲೆಯ ಮುಂದೆ ಕುಳಿತವರು ಓಡಿಹೋಗಲಾರರು. ಪೇಪರ್ ತಟ್ಟೆಯವರು ತಟ್ಟೆ ಸಮೇತ ಓಡಬಲ್ಲರು. ಚಿಕ್ಕಪ್ಪ ಅದಕ್ಕೂ ಜಗ್ಗುವವರಲ್ಲ. ಡ್ಯಾನ್‌ವಿಲ್‌ನ ಒಂದು ಗೃಹಪ್ರವೇಶದಲ್ಲಿ ರಿವರ್ಸ್ ತೆಗೆಯುತ್ತಿದ್ದ ಕಾರಿನ ಕಿಟಕಿಯೊಳಗೆ ಒಬ್ಬಟ್ಟು ಹಾಕಿ ಬಂದರು. ಅದು ಗೇರಿನ ಮೇಲೆ ಬಿತ್ತಂತೆ!

"ಬೇಡ ಅನ್ನೋದು ಬರೀ ಮರ್ಯಾದೆಗೆ ಹೇಳೋ ಮಾತು ಕಣಮ್ಮ," ಎಂಬುದು ಅವರ ಸಿದ್ಧಾಂತ.

ನಾನು ಹೇವರ್ಡ್‌ನ ವಿಶ್ವವಿದ್ಯಾಲಯಕ್ಕೆ ಎಂ.ಎಸ್. ಓದಲು ಬಂದು, ಅದೇ ಊರಿನಲ್ಲಿದ್ದ ಅವರ ಮನೆಯಲ್ಲಿ ಉಳಿದುಕೊಂಡೆ. ಯಾರಾದರೂ ನೋಡುತ್ತಿದ್ದರೆ ನೀರು ಕೂಡ ಗಂಟಲಲ್ಲಿ ಇಳಿಯದ ಸ್ವಭಾವ ನನ್ನದು. ಈಗ ನನ್ನ ಗತಿಯನ್ನು ಊಹಿಸಿ! ಸಾಕು ಎಂದು ಎರಡೂ ಕೈ ಅಡ್ಡ ಹಿಡಿದು ತಟ್ಟೆ ಮುಚ್ಚಿದರೆ, ಬೆರಳ ಸಂದಿಯಲ್ಲಿ ಒಂದು ಹನಿಯೂ ಚೆಲ್ಲದಂತೆ ತುಪ್ಪ ಇಳಿಸುವ ಕಲೆ ಅವರಿಗೆ ಗೊತ್ತಿತ್ತು.

ಚಿಕ್ಕಪ್ಪನ ಆಫೀಸು ಸೇತುವೆಯ ಆಚೆ ಸ್ಯಾನ್ ಮಟಿಯೋದಲ್ಲಿತ್ತು. ಇಂಟರ್ನೆಟ್ಟಿನಲ್ಲಿ ಏನನ್ನೋ ಮಾರುವ ಕಂಪನಿ. ಏನನ್ನು ಎಂದು ಕೇಳಿದರೆ ಚಿಕ್ಕಪ್ಪ ಬೋರ್ಡು, ಮಾರ್ಕರು ಕೇಳುತ್ತಿದ್ದರು. ಆಗೆಲ್ಲ ಅಂಥ ಕಂಪನಿಗಳಲ್ಲಿ ಆಟದ ಮೇಜು, ಬೀನ್ ಬ್ಯಾಗು, ನಾಯಿ ಎಲ್ಲ ಇರುತ್ತಿದ್ದವು. ಇವರ ಕಂಪನಿಗೆ ನಾಯಿ ಸಾಲಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಒಂದು ಹೆಬ್ಬಾವಿನ ಮರಿ ತಂದಿಟ್ಟುಕೊಂಡರು. ಮೊಳದುದ್ದದ ಮರಿ. ಕಂಪನಿಯ ಷೇರು ಮಾರುಕಟ್ಟೆಗೆ ಬರುವ ಸುದಿನವನ್ನು ಎಲ್ಲರೂ ಬಾಯಿಬಿಟ್ಟುಕೊಂಡು ಕಾಯುತ್ತಿದ್ದುದರಿಂದ ಅದಕ್ಕೆ ಐಪಿಓ ಎಂದೇ ನಾಮಕರಣವಾಯಿತು. ಹೋಗುವವರು ಬರುವವರೆಲ್ಲ ಅದನ್ನು ಎತ್ತಿ ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಕಂಪನಿ ಮುಚ್ಚಿತು. ಮಧ್ಯಾಹ್ನದೊಳಗೆ ಜಾಗ ಖಾಲಿ ಮಾಡಿ ಎಂದರಂತೆ. ಒಬ್ಬ ದುಬಾರಿ ಕುರ್ಚಿ ಹೊತ್ತುಕೊಂಡು ಹೋದ, ಇನ್ನೊಬ್ಬ ಕಾಫಿ ಯಂತ್ರ. ಹಾವನ್ನು ಮಾತ್ರ ಯಾರೂ ಕೇಳಲಿಲ್ಲ. ಚಿಕ್ಕಪ್ಪ ಗಾಜಿನ ಪೆಟ್ಟಿಗೆಗೆ ಸೀಟ್ ಬೆಲ್ಟ್ ಕಟ್ಟಿ ಸೇತುವೆ ದಾಟಿಸಿ ತಂದರು.

"ಏನ್ರೀ ಅದು?" ಎಂದರು ಚಿಕ್ಕಮ್ಮ ಬಾಗಿಲಲ್ಲೇ.

"ಐಪಿಓ ಕಣೇ."

ಚಿಕ್ಕಮ್ಮ ಪೆಟ್ಟಿಗೆಯನ್ನು ನೋಡಿದರು, ಗಂಡನನ್ನು ನೋಡಿದರು. "ಐಪಿಓ ಬರುತ್ತೆ, ಐಪಿಓ ಬರುತ್ತೆ ಅಂತ ಇಷ್ಟು ದಿನ ಕುಣೀತಿದ್ರಲ್ಲ, ಇದೇನಾ ಅದು?"

ಚಿಕ್ಕಪ್ಪ ಪೆಟ್ಟಿಗೆಯನ್ನು ಹಾಲಿನಲ್ಲಿ ಟಿವಿಯ ಪಕ್ಕ, ಮನೆಗೆ ಬಂದ ನೆಂಟರನ್ನು ಕೂರಿಸುವ ಜಾಗದಲ್ಲೇ ಇಟ್ಟರು. ಅಲ್ಲಿಂದ ನಮ್ಮ ಕಷ್ಟ ಶುರುವಾಯಿತು. ಐಪಿಓ ಊಟ ಬಿಟ್ಟಿತು!

ಐಪಿಓನ ಊಟ ಎಂದರೆ ಅಂಗಡಿಯಲ್ಲಿ ಸಿಗುವ, ಮಂಜುಗಟ್ಟಿದ ಇಲಿಮರಿ. ನಮ್ಮದೋ ಮೊಟ್ಟೆ ಹಾಕಿದ ಕೇಕು ಕೂಡ ಹೊಸ್ತಿಲು ದಾಟದ ಮನೆ. ಇಲಿಗಾಗಿ ಗರಾಜಿನಲ್ಲಿ ಪ್ರತ್ಯೇಕವಾಗಿ ಒಂದು ಪುಟ್ಟ ಫ್ರಿಜ್ಜು ಬಂತು. ಚಿಕ್ಕಮ್ಮನ ಸಂಕಟ ಮಾತ್ರ ಮಡಿ ಮೈಲಿಗೆಯದಲ್ಲ, ತಾತ್ವಿಕವಾದದ್ದು.

"ಅಲ್ಲಾ ರೀ, ಹಾವು ಗಣಪತಿಯ ಸೊಂಟದ ಪಟ್ಟಿ. ಇಲಿ ಅವನ ವಾಹನ. ಪಟ್ಟಿಗೆ ವಾಹನ ತಿನ್ನಿಸಿ, ಚೌತಿಗೆ ಅವನನ್ನ ಯಾವ ಮುಖ ಇಟ್ಕೊಂಡು ಕರೆಯೋಣ?"

"ನೆಂಟರಿಗೆ ಏನು ಸೇರುತ್ತೋ ಅದನ್ನ ಬಡಿಸಬೇಕು ಕಣೇ."

ಬಡಿಸಿದರು ನೋಡಿ! ಇಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಚಪಾತಿ ಸುಡುವ ಇಕ್ಕಳದಲ್ಲಿ ಹಿಡಿದು (ಆ ಇಕ್ಕಳ ಮತ್ತೆ ಅಡುಗೆಮನೆಗೆ ಬರಲಿಲ್ಲ), ಕಣ್ಣು ಬಿಗಿಯಾಗಿ ಮುಚ್ಚಿ, ಮುಖ ಗೋಡೆಯ ಕಡೆ ತಿರುಗಿಸಿ ಶುರುಮಾಡಿದರು.

"ತಗೋ ಮರಿ, ಸಂಕೋಚ ಪಡಬೇಡ. ಇಷ್ಟೇ ಇಷ್ಟು. ಬಿಸಿಬಿಸಿ ಇದೆ. ಬೇಕಾದರೆ ಬಾಲ ಬಿಟ್ಬಿಡು, ಏನೂ ಅಂದ್ಕೊಳಲ್ಲ."

ಐಪಿಓ ಉಂಡೆಯಾಗಿ ಸುತ್ತಿಕೊಂಡು ತಲೆಯನ್ನು ನಡುವೆ ಬಚ್ಚಿಟ್ಟುಕೊಂಡಿತು. ಆ ಭಂಗಿಯನ್ನು ಎಲ್ಲೋ ನೋಡಿದ್ದೇನಲ್ಲ ಎನಿಸಿತು. ಯೋಚಿಸಿದರೆ, ಅದು ನಾನೇ!

ಬಹುಶಃ ಒಂಟಿಯಾಗಿ ತಿನ್ನಲು ಬೇಜಾರಿರಬೇಕು ಎಂದು ಚಿಕ್ಕಪ್ಪ ಇನ್ನೊಂದು ದಿನ ಪಂಕ್ತಿ ಹಾಕಿಸಿದರು. ಗಾಜಿನ ಪೆಟ್ಟಿಗೆಯ ಎದುರು ಚಿಕ್ಕಮ್ಮ ಮತ್ತು ನಾನು ಸಾಲಾಗಿ ನೆಲದ ಮೇಲೆ ಕುಳಿತು ಬಿಸಿಬೇಳೆಭಾತ್ ತಿಂದೆವು. ಹಾವು ನಮ್ಮನ್ನು ನೋಡಲಿಲ್ಲ. ನಾವು ಅದರ ಇಲಿಯನ್ನು ನೋಡದಿರಲು ಹರಸಾಹಸ ಪಟ್ಟೆವು. ಆ ಪಂಕ್ತಿಯಲ್ಲಿ ಯಾರಿಗೂ ಎರಡನೆಯ ಸಲ ಬಡಿಸುವ ಪ್ರಸಂಗ ಬರಲಿಲ್ಲ.

ಇಷ್ಟರಲ್ಲಿ ಸುದ್ದಿ ಹಬ್ಬಿ, ಪರಿಚಯದವರೆಲ್ಲ ನೋಡಲು ಬರತೊಡಗಿದರು. ಬಂದವರು ಮೊದಲು ಗಾಜನ್ನು ಬೆರಳಿನಿಂದ ಟಕಟಕ ಕುಟ್ಟಿ "ಏನಾದ್ರೂ ತಿಂತಾ?" ಎನ್ನುವರು. ಅದೇ ಉಸಿರಿನಲ್ಲಿ ಚಿಕ್ಕಪ್ಪನ ಕಡೆ ತಿರುಗಿ "ಇಂಟರ್‌ವ್ಯೂ ಏನಾದ್ರೂ ಬಂತಾ?" ಎನ್ನುವರು. "ರೆಸ್ಯೂಮು ಕಳ್ಸಿ ಸಾರ್, ಸಂಕೋಚ ಯಾಕೆ?" "ಕಾಂಟ್ರ್ಯಾಕ್ಟಾದ್ರೂ ಸರಿ, ಒಪ್ಕೊಂಡ್ಬಿಡಿ." ಚಿಕ್ಕಪ್ಪ ನಗುನಗುತ್ತಾ ಎಲ್ಲರಿಗೂ ಉಪ್ಪಿಟ್ಟು ಬಡಿಸಿ, ಕಾಫಿ ಕೊಟ್ಟು, ಕಾರಿನವರೆಗೂ ಬಾಳೆಹಣ್ಣು ಹಿಡಿದುಕೊಂಡು ಹೋಗುತ್ತಿದ್ದರು.

ಪಾತ್ರೆ ತೊಳೆಯುವ ಕೆಲಸ ನನ್ನದು. ಎಲ್ಲರದೂ ಆದ ಮೇಲೆ, ಯಾರೂ ಇಲ್ಲದಾಗ, ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡಿ ಚಿಕ್ಕಪ್ಪ ಇಟ್ಟುಹೋಗುತ್ತಿದ್ದ ಅಂಚು ನೆಗ್ಗಿದ ಸ್ಟೀಲಿನ ತಟ್ಟೆಯೊಂದಿತ್ತು. ಬೆಳಿಗ್ಗೆ ಅದು ಸಿಂಕಿನಲ್ಲಿ ಸಿಗಬೇಕು. ಕಂಪನಿ ಮುಚ್ಚಿದಂದಿನಿಂದ ಅದು ಸ್ಟ್ಯಾಂಡಿನಲ್ಲಿ ಒಣಗಿಯೇ ನಿಂತಿರುತ್ತಿತ್ತು. ಚಿಕ್ಕಮ್ಮ ಕೇಳಿದರೆ "ಆಮೇಲೆ ತಿಂತೀನಿ ಬಿಡೇ" ಎನ್ನುತ್ತಿದ್ದರು. ಹಾವಿನ ಬೆನ್ನುಮೂಳೆ ಚರ್ಮದಡಿ ಏಣಾಗಿ ಕಾಣತೊಡಗಿತ್ತು. ಚಿಕ್ಕಪ್ಪನ ಬೆಲ್ಟು ಹೊಸ ತೂತಿಗೆ ಸರಿದಿತ್ತು.

"ಇದೂ ನನ್ನ ಕೈಲಿ ಉಳಿಯಲ್ಲ ಅನ್ಸುತ್ತೆ," ಎಂದರು ಒಂದು ದಿನ, ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು. ಆ 'ಇದೂ' ನನ್ನನ್ನು ಲೈಬ್ರರಿಗೆ ಓಡಿಸಿತು.

ಇಂಟರ್ನೆಟ್ಟಿನಲ್ಲಿ ಹಾವು ಸಾಕುವವರು ಬರೆದದ್ದನ್ನೆಲ್ಲ ಓದಿ ಬಂದೆ. ಎಲ್ಲರದೂ ಒಂದೇ ಮಾತು. ಮರಿ ಹೆದರಿದೆ. ಮುಟ್ಟಬೇಡಿ. ಸದ್ದಿಲ್ಲದ ಕಡೆ ಇಡಿ, ಒಂದು ಬದಿಗೆ ಹದವಾದ ಬಿಸಿ ಇರಲಿ, ಮೈ ಒತ್ತಿಕೊಂಡು ಅಡಗಲು ಇಕ್ಕಟ್ಟಾದ ಗೂಡು ಕೊಡಿ, ಗಾಜಿಗೆ ಬಟ್ಟೆ ಮುಚ್ಚಿ. ವಾರಕ್ಕೊಮ್ಮೆ ಊಟ ಇಟ್ಟು ಹೊರಟುಹೋಗಿ. ಮುಖ್ಯವಾಗಿ, ನೋಡಬೇಡಿ.

"ನೋಡದೆ ಬಡಿಸೋದು ಹೇಗಮ್ಮ?" ಚಿಕ್ಕಪ್ಪ ಕಂಗಾಲಾದರು.

"ಇಟ್ಟು ಎದ್ದು ಬರೋದು, ಚಿಕ್ಕಪ್ಪ."

"ಅದಕ್ಕೆ ಬಡಿಸೋದು ಅನ್ನಲ್ಲ, ಬಿಸಾಕೋದು ಅಂತಾರೆ! ಒಂದು ಮಾತೂ ಆಡದೆ? ಒಂದೇ ಒಂದು ಸಲ 'ತಗೋ' ಅನ್ನದೆ?"

ಆ ಮನೆಯಲ್ಲಿ ನಾನು ಆಡಿದ ಅತಿ ದೀರ್ಘ ಭಾಷಣ ಆಗ ನನ್ನ ಬಾಯಿಂದ ಬಂತು. "ಯಾರಾದ್ರೂ ನೋಡ್ತಾ ಇದ್ರೆ ಗಂಟಲಲ್ಲಿ ಇಳಿಯಲ್ಲ ಚಿಕ್ಕಪ್ಪ. ಹಸಿವಿದ್ರೂ ಇಳಿಯಲ್ಲ. ನಂಗೂ ಹಾಗೇ."

ಚಿಕ್ಕಪ್ಪ ನನ್ನ ಕೈಬೆರಳುಗಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪೆಟ್ಟಿಗೆ ಎತ್ತಿಕೊಂಡು ಬಟ್ಟೆ ಒಗೆಯುವ ಯಂತ್ರದ ಹಿಂದಿನ ಪುಟ್ಟ ಕೋಣೆಗೆ ಹೊರಟರು. ಗೂಡಿಗೆ ಹೂವಿನ ಕುಂಡದ ಅರ್ಧಭಾಗ ಬಂತು, ಪರದೆಗೆ ಚಿಕ್ಕಮ್ಮನ ಹಳೆಯ ಹತ್ತಿ ಸೀರೆ. ಚಿಕ್ಕಮ್ಮನದು ಒಂದೇ ಷರತ್ತು: "ಶನಿವಾರ ಮಾತ್ರ ಬೇಡ. ಭಾನುವಾರ ಇಡಿ."

ಮೊದಲ ಭಾನುವಾರ ಚಿಕ್ಕಪ್ಪ ಇಲಿ ಇಟ್ಟು ಹೊರಬಂದು, ಆ ಕೋಣೆಯ ಬಾಗಿಲಿಗೆ ಕಿವಿ ಅಂಟಿಸಿ ನಿಂತರು.

"ರೀ, ಕಿವಿ ತೆಗೀರಿ," ಎಂದರು ಚಿಕ್ಕಮ್ಮ.

"ಕಿವಿಯಿಂದ ನೋಡಕ್ಕಾಗುತ್ತೇನೇ?"

"ನಿಮ್ಮ ಕಿವಿ ನೋಡುತ್ತೆ. ಬನ್ನಿ ಈ ಕಡೆ!"

ಅಂದು ಇಲಿ ಹಾಗೇ ಉಳಿಯಿತು. ಆ ವಾರವಿಡೀ ಚಿಕ್ಕಪ್ಪ ಕೋಣೆಗೆ ಬೆನ್ನುಹಾಕಿ ಮನೆಯಲ್ಲಿ ಓಡಾಡಿದರು. ನೋಡಲು ಬಂದವರಿಗೆ "ಮಲಗಿದೆ" ಎಂದರು. "ನಿಮಗೆ ಇಂಟರ್‌ವ್ಯೂ..." ಎಂದು ಶುರುಮಾಡಿದವರಿಗೂ ಅದೇ ಧಾಟಿಯಲ್ಲಿ "ಅದೂ ಮಲಗಿದೆ" ಎಂದುಬಿಟ್ಟರು!

ಮುಂದಿನ ಭಾನುವಾರ ಸಂಜೆ ಇಲಿ ಇಟ್ಟು, ಒಂದು ಮಾತೂ ಆಡದೆ, ಹಿತ್ತಲಿಗೆ ಹೋಗಿ ಗಿಡಗಳಿಗೆ ನೀರು ಹಾಕಿದರು. ಬಡಿಸುವುದಕ್ಕೆ ಅವೇ ಸಿಕ್ಕಿದ್ದು, ಪಾಪ, ತುಳಸಿ ತೇಲುತ್ತಿತ್ತು. ಕತ್ತಲಾಗುವ ಹೊತ್ತಿಗೆ ಒಳಗೆ ಹೋಗಿ ಸೀರೆಯ ಅಂಚನ್ನು ಬೆರಳಗಲ ಸರಿಸಿದವರು, ತುದಿಗಾಲಿನಲ್ಲಿ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ ಉಸುರಿದರು.

"ಎಲೆ ಖಾಲಿ."

ಅಷ್ಟು ಹೇಳಿ ಊಟದ ಮೇಜಿನ ಹತ್ತಿರ ಹೋಗಿ ಒಂದು ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟರು. ಅಲ್ಲಿ ಅವರನ್ನು ಕುಳಿತ ಸ್ಥಿತಿಯಲ್ಲಿ ನಾನು ಕಂಡದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಮೇಲಿಟ್ಟು, ಮತ್ತೆ ಮಡಿಲಿಗೆ ತೆಗೆದುಕೊಂಡರು.

ನಾನು ಅಂಚು ನೆಗ್ಗಿದ ತಟ್ಟೆಯನ್ನು ತೆಗೆದು, ಅನ್ನ, ಹುರುಳಿಕಾಯಿ ಪಲ್ಯ, ಒಂದು ಚಮಚ ತುಪ್ಪ ಹಾಕಿ ಅವರ ಮುಂದಿಟ್ಟೆ. ಸಾರಿನ ಪಾತ್ರೆಯನ್ನು ಸೌಟಿನ ಸಮೇತ ಕೈಗೆಟಕುವ ಹಾಗೆ ಪಕ್ಕದಲ್ಲಿಟ್ಟೆ. ತಿರುಗಿ ನಿಂತು, ನಲ್ಲಿ ಬಿಟ್ಟು, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯತೊಡಗಿದೆ. ಬಾಗಿಲವರೆಗೆ ಬಂದ ಚಿಕ್ಕಮ್ಮ ಅಲ್ಲೇ ನಿಂತರು. ಮತ್ತೆ ಸದ್ದಾಗದಂತೆ ಹಿಂದಕ್ಕೆ ಹೋಗಿ ಟಿವಿ ಹಾಕಿದರು.

ಚಿಕ್ಕಪ್ಪ ಊಟ ಮಾಡುವುದನ್ನು ನಾನು ಇವತ್ತಿಗೂ ಕಂಡಿಲ್ಲ. ಅಂದು ನನ್ನ ಬೆನ್ನ ಹಿಂದೆ ಸೌಟು ಪಾತ್ರೆಗೆ ಮೆಲ್ಲಗೆ ತಾಕಿದ್ದು ಮಾತ್ರ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ, ಇನ್ನೊಂದು ಸಲ.