ಮಾವನವರ ಹುರುಪಿನ ಲೇಹ್ಯ

ಲೇಹ್ಯ ಕಾಯಿಸೋ ಮನೆಗೆ ಸೊಸೆಯಾಗಿ ಬಂದವಳಿಗೆ ನಗೋ ಪ್ರಸಂಗಗಳಿಗೇನೂ ಬರವಿಲ್ಲ. ಆದ್ರೆ ನಗು ಬರೋದು ಎಲ್ಲಾ ಮುಗಿದ ಮೇಲೆ. ಆ ಹೊತ್ತಿಗೆ ಬರೋದು ಬರೀ ನಡುಕ.

ಜಯನಗರ ಆಗಿನ್ನೂ ಹೊಸ ಬಡಾವಣೆ. ಮುಂದೆ ಮಾವನವರ ಗ್ರಂಧಿಗೆ ಅಂಗಡಿ, ಹಿಂದೆ ಮನೆ. ಬೇರು, ನಾರು, ಚಕ್ಕೆ ಎಲ್ಲಾ ಸಿಗ್ತಿತ್ತು. ಹೆಸರಾಗಿದ್ದು ಮಾತ್ರ ಹುರುಪಿನ ಲೇಹ್ಯ. ಬೆಲ್ಲದ ಪಾಕಕ್ಕೆ ಶುಂಠಿ, ಹಿಪ್ಪಲಿ, ಲವಂಗ ಹಾಕಿ ಮಗುಚೋದು ನಾನು. ಕೊನೆಗೆ ಮಾವ ನನ್ನನ್ನ ಆಚೆ ಕಳಿಸಿ, ಅಡುಗೆಮನೆ ಬಾಗಿಲು ಹಾಕ್ಕೊಂಡು ಏನೋ ಪುಡಿ ಬೆರೆಸ್ತಿದ್ರು. ಕೇಳಿದ್ರೆ, "ಗುರುಗಳಿಗೆ ಮಾತು ಕೊಟ್ಟಿದೀನಿ ಕಣಮ್ಮ" ಅಂತಿದ್ರು.

ಅಂಗಡೀಲಿ ಕಾಸರಕದ ಬೀಜಾನೂ ಇತ್ತು, ಶುದ್ಧ ವಿಷ. ಅದನ್ನೇ ಅರೆದು ಹಾಕ್ತಾರೇನೋ ಅಂತ ನನ್ನ ಅನುಮಾನ. ಯಾರಾದ್ರೂ ಸತ್ರೆ ಮಗುಚಿದ ಕೈ ನಂದೇ ಅಲ್ವೇ? ಪೊಲೀಸರು ಮಾವನ ಜೊತೆ ನನ್ನನ್ನೂ ಎಳ್ಕೊಂಡು ಹೋಗ್ತಾರೆ ಅನ್ನೋ ಭಯಕ್ಕೆ ಊಟ ಸೇರ್ತಿರಲಿಲ್ಲ.

ಮೇಷ್ಟ್ರ ಎದೆ

ಶ್ರೀನಗರದ ರಿಟೈರ್ಡ್ ಮೇಷ್ಟ್ರೊಬ್ಬರು ಲೇಹ್ಯ ಶುರುಮಾಡಿದ ಮಾರನೇ ಬೆಳಿಗ್ಗೇನೇ ಎದೆ ಹಿಡ್ಕೊಂಡು ಬಂದ್ರು. ಬಾಗಿಲ ಸಂದಿಯಿಂದ ನೋಡಿ ನನ್ನ ಜೀವ ಬಾಯಿಗೆ ಬಂತು.

"ಪಥ್ಯ ಮಾಡಿದ್ರಾ? ಕಾಫಿ ಬಿಟ್ರಾ?" ಅಂದ್ರು ಮಾವ.

"ಒಂದು ತೊಟ್ಟೂ ಕುಡಿದಿಲ್ಲ. ಆದ್ರೂ ಎದೆ ಡವಡವ ಅಂತಿದೆ, ಕೈ ನಡುಗ್ತಿದೆ."

"ಅದೇ ಸ್ವಾಮಿ, ಗುಣ ಕಾಣಿಸ್ತಿರೋದು."

"ಗುಣ ಕಾಣಿಸಿದ್ದು ಸಾಕು. ನಾಳೆ ಮನೆಯವರ ಕಣ್ಣಿಗೆ ನಾನು ಕಾಣಿಸಬೇಕಲ್ಲ" ಅಂತ ಮೇಷ್ಟ್ರು ಜಾಡಿ ಇಟ್ಟು ಹೋದ್ರು.

ತಲಘಟ್ಟಪುರದ ಎತ್ತು

ತಲಘಟ್ಟಪುರದ ರೈತರೊಬ್ಬರು ದೊಡ್ಡ ಜಾಡೀನೇ ತೊಗೊಂಡು ಹೋದವರು, ವಾರದೊಳಗೆ ಬೆವರು ಸುರಿಸ್ತಾ ವಾಪಸ್ ಬಂದ್ರು.

"ಹುರುಪು ಬಂತಾ?"

"ನಾನೆಲ್ಲಿ ತಿಂದೆ ಸ್ವಾಮಿ? ಸೋಮಾರಿ ಎತ್ತಿಗೆ ತಿನ್ನಿಸ್ದೆ. ನೇಗಿಲ ಸಮೇತ ಸುಬ್ರಹ್ಮಣ್ಯಪುರದ ಕಡೆ ಓಡ್ತು."

ಮಾವನ ಮುಖಾನೂ ಬಿಳಿಚ್ಕೊಳ್ತು. "ಈಗ ಹೇಗಿದೆ?"

"ಚೆನ್ನಾಗೇ ಇರ್ಬೇಕು. ಸಿಕ್ಕಿದ ಮೇಲೆ ಹೇಳ್ತೀನಿ."

ಇನ್‌ಸ್ಪೆಕ್ಟರ ಮುಂದೆ

ಆಮೇಲೆ ನಾಟಿ ಔಷಧಿಗೂ ಕಾನೂನು ಬಂತು. ಒಂದು ದಿನ ಮಧ್ಯಾಹ್ನ ಔಷಧಿ ಇನ್‌ಸ್ಪೆಕ್ಟರು ಬಂದು, "ಇದರಲ್ಲಿ ಏನೇನಿದೆ ಹೇಳಿ ಸಾರ್, ಇಲ್ಲಾಂದ್ರೆ ಮಾರೋ ಹಾಗಿಲ್ಲ" ಅಂದ್ರು. ಮಾವ ಅದೇ ಗುರುಗಳ ಮಾತು ಹೇಳಿದ್ರು. ಇನ್‌ಸ್ಪೆಕ್ಟರು ಸ್ಯಾಂಪಲ್ ತೊಗೊಳ್ಳೋಕೆ ಜಾಡಿಗೆ ಕೈ ಹಾಕಿದ್ರು ನೋಡಿ, ಮಾವ ಅದನ್ನ ಕಿತ್ಕೊಂಡ್ರು. "ವಿಷ ಆದ್ರೆ ನಾನು ತಿಂತೀನೇನ್ರಿ?" ಅಂತ ಕೈಯಲ್ಲೇ ಬಾಚಿ ಬಾಚಿ ಜಾಡಿ ಖಾಲಿ ಮಾಡಿಬಿಟ್ರು.

ಸ್ವಲ್ಪ ಹೊತ್ತಿಗೆ ಹಣೆ ಬೆವರಿತು. ಕೈ ಥರಥರ. ಗೋಡೆ ಹಿಡ್ಕೊಂಡು ಕುಸಿದು ಕೂತ್ರು. ಇನ್‌ಸ್ಪೆಕ್ಟರೇ ಓಡಿಹೋಗಿ ಎದುರು ಬೀದಿ ಡಾಕ್ಟರನ್ನ ಕರ್ಕೊಂಡು ಬಂದ್ರು. ನನ್ನ ಜೈಲಿನ ಯೋಚನೆ ಎಲ್ಲಿ ಹೋಯ್ತೋ, ಈ ಜೀವ ಒಂದು ಉಳಿದ್ರೆ ಸಾಕು ಅನ್ನಿಸ್ತು.

"ಏನು ಹಾಕಿದೀರಿ ಹೇಳಿ, ಆಮೇಲೆ ಔಷಧಿ" ಅಂದ್ರು ಡಾಕ್ಟರು.

"ಗುರುಗಳಿಗೆ ಮಾತು..."

"ಮಾವ, ಗುರುಗಳ ಹತ್ರಾನೇ ಹೋಗ್ತೀರಿ ಈಗ. ಕಾಸರಕಾನಾ?" ಅಂತ ನಾನು ಅತ್ತುಬಿಟ್ಟೆ.

ಮಾವ ತಲೆ ಆಡಿಸಿ, ಮೆಲ್ಲಗೆ ಹೇಳಿದ್ರು: "ಅಲ್ಲಮ್ಮ. ಕಾಫಿಪುಡಿ."

ಬಾಗಿಲಲ್ಲಿ ನಿಂತಿದ್ದ ಅತ್ತೆ ತಿರುಗಿ ನನ್ನ ಮುಖ ನೋಡಿದ್ರು. ಮನೇಲಿ ಕಾಫಿಪುಡಿ ಮುಗಿದಾಗೆಲ್ಲಾ ಅವರು ಬೈದಿದ್ದು ನನ್ನನ್ನೇ.

ಡಾಕ್ಟರು ಮಾತ್ರ ನಗಲಿಲ್ಲ. "ಕಾಫಿಪುಡಿ ಅಂದ್ರೆ ಸಾಮಾನ್ಯಾನಾ? ಒಂದು ಜಾಡಿ ತಿಂದ್ರೆ ಎದೆ ನಿಂತೀತು" ಅಂತ ವಾಂತಿ ಮಾಡಿಸಿ, ನಾಡಿ ಹಿಡ್ಕೊಂಡು ಸಂಜೆವರೆಗೂ ಕೂತ್ರು. ಇನ್‌ಸ್ಪೆಕ್ಟರೂ ಕದಲಲಿಲ್ಲ. ಕೊನೆಗೆ ಮಾವ ಕಣ್ಣುಬಿಟ್ಟು ಮಾತಾಡಿದಾಗ ನಂಗೆ ಹೋದ ಜೀವ ಬಂತು.

ಮನೆಗೆ ಬಂದವರನ್ನ ಹಾಗೇ ಕಳಿಸೋಕಾಗುತ್ತಾ? ಡಬ್ಬಿ ಕೆರೆದು ಉಳಿದಿದ್ದ ಪುಡೀಲಿ ಕಾಫಿ ಮಾಡಿ ತಂದೆ. ಅಭ್ಯಾಸಬಲ, ಮಾವನ ಮುಂದೂ ಲೋಟ ಹಿಡಿದೆ.

ಮಾವ ಮುಖ ಆ ಕಡೆ ತಿರುಗಿಸಿದ್ರು.

"ಅವರಿಗೆ ಕೊಡಮ್ಮ. ನಂಗೆ ಪಥ್ಯ."