ಅಂಟಕ್ಕನ ಹ್ಯಾಂಡ್‌ವಾಶು

ಅಂಟಕ್ಕನ ಕೈಗೆ ಆದ ಅವಮಾನವೇ ಈ ಎಲ್ಲ ರಗಳೆಗೆ ಮೂಲ. ಹಿಂದಿನ ದಿನ ಸಂಜೆ ಬಟ್ಟೆ ಅಂಗಡಿಯಲ್ಲಿ ಒಂದು ರೇಷ್ಮೆ ಬಟ್ಟೆಯನ್ನು ಅವಳು ಮುಟ್ಟಿ ನೋಡಿದ್ದಳು. ಕೊಳ್ಳುವುದಕ್ಕಲ್ಲ, ಸುಮ್ಮನೆ ಒಂದು ಸಲ ಸವರುವುದಕ್ಕೆ. ಬೆರಳ ತುದಿಯ ಒಡಕಿಗೆ ಎಳೆಯೊಂದು ಸಿಕ್ಕಿಕೊಂಡು ಬಟ್ಟೆ ಅವಳ ಕೈಯನ್ನು ಬಿಡಲೊಲ್ಲದಾಯಿತು. ಅಂಗಡಿಯವನು ಎಳೆಯನ್ನು ಮೆಲ್ಲಗೆ ಬಿಡಿಸಿ, ಬಟ್ಟೆಯನ್ನು ತನ್ನ ಕಡೆಗೆ ಸರಿಸಿಕೊಂಡು, "ನೀವು ಮುಟ್ಬೇಡಿ ಅಮ್ಮ, ನಾನೇ ಹಿಡ್ಕೊಂಡು ತೋರಿಸ್ತೀನಿ" ಎಂದ. ತುಂಬ ಮರ್ಯಾದೆಯಿಂದಲೇ ಹೇಳಿದ. ಅದೇ ಹೆಚ್ಚು ಉರಿಯಿತು.

ಸಾರ್ವಜನಿಕ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹರಿದ ಪುಸ್ತಕಗಳಿಗೆ ಅಂಟು ಹಚ್ಚುತ್ತ ಬಂದವಳು ಅವಳು. ಬೆನ್ನು ಮುರಿದ ನಿಘಂಟು, ಹಾಳೆ ಉದುರುವ ಕಾದಂಬರಿ, ಯಾರೋ ಪುಣ್ಯಾತ್ಮರು ಚಿತ್ರ ಕತ್ತರಿಸಿಕೊಂಡ ವಿಶ್ವಕೋಶ, ಎಲ್ಲವೂ ಅವಳ ಮೇಜಿಗೆ ನರಳುತ್ತ ಬಂದು ನೆಟ್ಟಗಾಗಿ ಹೋಗುತ್ತಿದ್ದವು. ಅದಕ್ಕೇ ಅವಳು ಎಲ್ಲರಿಗೂ ಅಂಟಕ್ಕ. ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಮೈದಾ ಅಂಟು, ಹಳೆ ಕಾಗದದ ದೂಳು, ದಿನಕ್ಕೆ ಹತ್ತು ಹದಿನೈದು ಸಲ ಬಟ್ಟೆ ಸೋಪಿನಲ್ಲಿ ಉಜ್ಜಿ ತೊಳೆಯುವುದು, ಇವೆಲ್ಲ ಸೇರಿ ಅವಳ ಅಂಗೈ ಬತ್ತಿದ ಕೆರೆಯ ಅಂಗಳದ ಹಾಗೆ ಬಿರುಕು ಬಿಟ್ಟಿತ್ತು.

ಬಟ್ಟೆ ಅಂಗಡಿಯಿಂದ ಹೊರಬಿದ್ದವಳು ನೇರವಾಗಿ ಬೀದಿ ತುದಿಯ ದಿನಸಿ ಅಂಗಡಿಗೆ ನಡೆದಳು. ಅಲ್ಲಿ ಬೇಳೆ ಬೆಲ್ಲದ ಡಬ್ಬಗಳ ಪಕ್ಕ ಗಾಜಿನ ಕಪಾಟೊಂದಿತ್ತು. ಅದರೊಳಗೆ ಯಾರೂ ಕೊಳ್ಳದ, ಎಲ್ಲರೂ ನೋಡುವ ಸಾಮಾನು. ಕಂದು ಬಣ್ಣದ ದಪ್ಪ ಬಾಟಲಿ, ಕಪ್ಪು ಪಂಪು, ಮೇಲೆ ಬಂಗಾರದ ಅಕ್ಷರ. ಚರ್ಮವನ್ನು ಪೋಷಿಸಿ ಮೃದುಗೊಳಿಸುವ ಅತ್ಯುತ್ತಮ ಹ್ಯಾಂಡ್‌ವಾಶ್ ಎಂದು ಅಂಗಡಿಯವನು ಓದಿ ಹೇಳಿದ. ಕನ್ನಡಕ ಬದಲಿಸಲೆಂದು ತೆಗೆದಿಟ್ಟಿದ್ದ ದುಡ್ಡು ಪರ್ಸಿನಲ್ಲಿತ್ತು. ಅಕ್ಷರ ಇನ್ನಾರು ತಿಂಗಳು ಮಸುಕಾಗಿ ಕಂಡರೂ ಚಿಂತೆಯಿಲ್ಲ ಎಂದುಕೊಂಡು ಕೊಟ್ಟೇಬಿಟ್ಟಳು.

ಮನೆಯಲ್ಲಿ ಅತ್ತೆ ಬೆಲೆ ಕೇಳಿದರು. ಹೇಳಿದ ಮೇಲೆ ಗೋಡೆ ಹಿಡಿದುಕೊಂಡು ಕೂತರು. ಇಷ್ಟು ಕೊಟ್ಟರೆ ಕೈಯನ್ನೇ ಹೊಸದಾಗಿ ತರಬಹುದಿತ್ತು ಎಂದರು. ಗಂಡ ಗಡಿಯಾರ ರಿಪೇರಿಯವನು. ಅವನಿಗೆ ಬೆಲೆ ಕೇಳಿಸಲೇ ಇಲ್ಲ. ಬಾಟಲಿಯನ್ನು ದೀಪದ ಬೆಳಕಿಗೆ ಹಿಡಿದು, ಪಂಪಿನ ತಲೆಯನ್ನು ಒಂದೆರಡು ಸಲ ಒತ್ತಿ, ಒಳಗೆ ಸಣ್ಣ ಸ್ಪ್ರಿಂಗ್ ಇರಬೇಕು ಎಂದು ಗೊಣಗಿದ. ಅಂಟಕ್ಕ ಬಾಟಲಿಯನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಇದು ನನ್ನ ಕೈಗೆ ಅಂತ ತಂದಿರೋದು. ಈ ಮನೇಲಿ ಇನ್ಯಾರೂ ಮುಟ್ಟೋ ಹಾಗಿಲ್ಲ."

ತಾನೂ ಆಗಲೇ ಮುಟ್ಟಲಿಲ್ಲ. ಕೈ ಹಾಳಾದದ್ದು ಕೆಲಸದ ಜಾಗದಲ್ಲಿ, ಆದ್ದರಿಂದ ಅಲ್ಲೇ ಅದಕ್ಕೆ ಮೊದಲ ಮರ್ಯಾದೆ ಆಗಬೇಕು ಎಂಬುದು ಅವಳ ಹಟ. ಬೆಳಿಗ್ಗೆ ಬಾತ್‌ರೂಮಿನ ಗೂಡಿನಿಂದ ಬಾಟಲಿಯನ್ನು ತೆಗೆದು, ಟವೆಲಿನಲ್ಲಿ ಸುತ್ತಿ, ಹಸುಗೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೊರಟಳು.

ಗ್ರಂಥಾಲಯದಲ್ಲಿ ಕೈ ತೊಳೆಯಲು ಇದ್ದದ್ದು ಒಂದೇ ಬೇಸಿನ್ನು, ಅವಳ ಕೋಣೆಗೂ ಓದುವ ಹಾಲಿಗೂ ನಡುವಿನ ಓಣಿಯಲ್ಲಿ. ಮೊದಲ ನಿಘಂಟಿಗೆ ಅಂಟು ಹಚ್ಚಿ ಮುಗಿಸಿ ಅಂಟಕ್ಕ ಅಲ್ಲಿಗೆ ಬಂದಳು, ಬಾಟಲಿಯನ್ನು ಕಟ್ಟೆಯ ಮೇಲಿಟ್ಟಳು, ಒಂದೇ ಒಂದು ಸಲ ಒತ್ತಿದಳು. ಕೈಯ ಮೇಲೆ ನೊರೆ ಉಕ್ಕಿ ಬಂತು. ಇಷ್ಟು ನೊರೆಯನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ದುಬಾರಿ ಸಾಮಾನು ಅಂದರೆ ಹೀಗೆ ಎಂದುಕೊಂಡಳು. ವಾಸನೆಯೂ ಗಂಭೀರವಾಗಿತ್ತು, ಯಾವುದೋ ದೊಡ್ಡ ಮನುಷ್ಯರು ಪಕ್ಕದಲ್ಲೇ ಹಾದುಹೋದ ಹಾಗೆ. ಒರೆಸಿಕೊಂಡು ಎರಡೂ ಅಂಗೈಯನ್ನು ಕೆನ್ನೆಗೆ ಒತ್ತಿ ನಿಂತಳು. ಮೆತ್ತಗಾಗಿದೆ. ಖಂಡಿತ ಮೆತ್ತಗಾಗಿದೆ.

ಅಷ್ಟರಲ್ಲಿ ಕೋಣೆಯ ಒಲೆಯ ಮೇಲೆ ಕುದಿಯಲಿಟ್ಟಿದ್ದ ಮೈದಾ ಅಂಟು ಸೀದ ವಾಸನೆ ಬಂತು. ಬಾಟಲಿಯನ್ನು ಅಲ್ಲೇ ಬಿಟ್ಟು ಕೋಣೆಗೆ ಓಡಿದಳು. ತಳ ಹಿಡಿದದ್ದನ್ನು ಕೆರೆದು, ಹೊಸದಾಗಿ ಕಲಸಿಟ್ಟು ಬರುವ ಹೊತ್ತಿಗೆ ಬೇಸಿನ್ನಿನ ಮುಂದೆ ಸಾಲು ನಿಂತಿತ್ತು. ಪುಸ್ತಕ ಕೊಡುವ ಕೌಂಟರಿನ ಹೆಂಗಸು ಮೊಣಕೈವರೆಗೆ ನೊರೆ ಮಾಡಿಕೊಂಡು, ಇದು ವಿದೇಶದ ಯಾವುದೋ ನಿಂಬೆ ಹೂವಿನ ಪರಿಮಳ ಎಂದು ಹಿಂದಿನವರಿಗೆ ವಿವರಿಸುತ್ತಿದ್ದಳು. ಅವಳ ಹಿಂದೆ ಕಾವಲುಗಾರ, ಅವನ ಹಿಂದೆ ಪೇಪರ್ ತಾತ. ಪೇಪರ್ ತಾತ ದಿನಾ ಬಾಗಿಲು ತೆಗೆಯುವ ಮೊದಲೇ ಬಂದು, ಊರಿನ ಎಲ್ಲ ಪತ್ರಿಕೆಗಳನ್ನೂ ಸಂಪಾದಕೀಯದಿಂದ ಹಿಡಿದು ಮುದ್ರಕರ ವಿಳಾಸದವರೆಗೆ ಓದುವವರು. ಅವರ ಬೆರಳಿಗೆ ಹಿಡಿದ ಶಾಯಿ ಹೋಗಿದ್ದನ್ನು ಕಂಡವರಿರಲಿಲ್ಲ. ಅವರು ನಾಲ್ಕು ಸಲ ಒತ್ತಿ ತೊಳೆದರು. ಶಾಯಿ ಹೋಗಿ ಕೆಳಗಿದ್ದ ಬೆರಳು ಕಂಡಿತು. ತಾತ ಅದನ್ನು ಬಹಳ ದಿನದ ಮೇಲೆ ಸಿಕ್ಕ ನೆಂಟನನ್ನು ನೋಡುವಂತೆ ತಿರುಗಿಸಿ ನೋಡಿಕೊಂಡರು.

ಅಂಟಕ್ಕನಿಗೆ ಕೂಗಾಡುವುದು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಚೀಟಿ ಅಂಟಿಸುವುದು. ಮೇಜಿನ ಮೇಲೆ ದೊಡ್ಡ ಕೋಶಗಳಿಗೆ ಹಚ್ಚುವ ಅಚ್ಚಾದ ಚೀಟಿಗಳಿದ್ದವು. ಒಂದನ್ನು ತಂದು ಎಲ್ಲರ ಎದುರೇ ಬಾಟಲಿಗೆ ಅಂಟಿಸಿ, ಗ್ರಂಥಾಲಯದ ಮೊಹರನ್ನೂ ಒತ್ತಿದಳು. 'ಪರಾಮರ್ಶನಕ್ಕೆ ಮಾತ್ರ. ಹೊರಗೆ ಕೊಡುವುದಿಲ್ಲ.'

ತಾತ ಕನ್ನಡಕ ಏರಿಸಿ ಓದಿದರು. "ಸರಿಯಾಗೇ ಇದೆಯಲ್ಲ. ಮನೆಗೆ ಒಯ್ಯಬಾರದು, ಇಲ್ಲೇ ಉಪಯೋಗಿಸಬಹುದು ಅಂತ" ಎಂದು ಐದನೇ ಸಲ ಒತ್ತಿದರು.

ಅಂಟಕ್ಕ ಬಾಟಲಿಯನ್ನು ಅವರ ಒದ್ದೆ ಕೈಯ ಕೆಳಗಿಂದಲೇ ಎತ್ತಿಕೊಂಡು ಹೋಗಿ, ತನ್ನ ಕಪಾಟಿನಲ್ಲಿಟ್ಟು ಬೀಗ ಜಡಿದಳು.

ಆಮೇಲೆ ಶುರುವಾಯಿತು. ಕೌಂಟರಿನ ಹೆಂಗಸು ಎರಡು ಸಲ ಕೋಣೆಗೆ ಬಂದು, ಒಂದೇ ಕಡೆ ಕೆಲಸ ಮಾಡುವವರಲ್ಲಿ ಇಷ್ಟು ಭೇದಭಾವ ಇರಬಾರದು ಎಂದು ಗೋಡೆಗೆ ಹೇಳಿ ಹೋದಳು. ಕಾವಲುಗಾರ ತನ್ನ ಅಂಗೈಯನ್ನು ಬಾಗಿಲ ಸಂದಿಯಿಂದ ತೋರಿಸಿ, ಕಬ್ಬಿಣದ ಗೇಟು ಎಳೆದೆಳೆದು ಹೀಗಾಗಿದೆ ಎಂದ. ಅಂಟಕ್ಕ ತನ್ನ ಅಂಗೈಯನ್ನು ಎತ್ತಿ ತೋರಿಸಿದಳು. ಅವನು ಕೈ ಹಿಂದಕ್ಕೆಳೆದುಕೊಂಡ. ಪೇಪರ್ ತಾತ ಮಾತ್ರ ಯಾರ ಹತ್ತಿರವೂ ಹೋಗಲಿಲ್ಲ. ದೂರಿನ ಪುಸ್ತಕ ತರಿಸಿಕೊಂಡು, ಓದುಗರಿಗೆ ಬೆಳಿಗ್ಗೆ ಒದಗಿಸಿದ ಸೌಲಭ್ಯವನ್ನು ಮಧ್ಯಾಹ್ನದೊಳಗೆ ಮುನ್ಸೂಚನೆಯಿಲ್ಲದೆ ಹಿಂತೆಗೆದುಕೊಳ್ಳಲಾಗಿದೆ ಎಂದು ಒಂದೂವರೆ ಪುಟ ಬರೆದರು. ಕೊನೆಗೆ, ಬಾಟಲಿಯ ಮೇಲೆ ಗ್ರಂಥಾಲಯದ ಮೊಹರು ಇತ್ತೆಂದು ಅಡಿಗೆರೆ ಹಾಕಿದರು.

ಊಟದ ಹೊತ್ತಿಗೆ ಮುಖ್ಯ ಗ್ರಂಥಪಾಲಕರಿಂದ ಕರೆ ಬಂತು. ಬಾಟಲಿಯ ಸಮೇತ.

ಸಾಹೇಬರು ಒಳ್ಳೆಯವರೇ. ಆದರೆ ನಿಯಮದ ಪುಸ್ತಕ ಎದುರಿಗಿದ್ದರೆ ಪಕ್ಕದಲ್ಲಿರುವ ಮನುಷ್ಯರು ಅವರಿಗೆ ಕಾಣುತ್ತಿರಲಿಲ್ಲ. ಮೊದಲು ವಸ್ತುವನ್ನು ಪರಿಶೀಲಿಸಬೇಕು ಎಂದು ಎದ್ದು, ತಮ್ಮ ಕೋಣೆಯ ನಲ್ಲಿಯಲ್ಲಿ ಒಂದು ಸಲ ಒತ್ತಿ ಕೈ ತೊಳೆದುಕೊಂಡರು. ಮೂಸಿ ನೋಡಿದರು. ಈ ಪರಿಮಳ ಎಲ್ಲೋ ಮೂಗಿಗೆ ಬಡಿದ ಹಾಗಿದೆ, ಯಾವುದೋ ಗಣ್ಯರ ಸಭೆಯಲ್ಲಿರಬೇಕು ಎಂದರು. ಪರಿಶೀಲನೆ ಇನ್ನೂ ಪೂರ್ತಿಯಾಗಿಲ್ಲವೆಂದು ಮತ್ತೊಂದು ಸಲ ಒತ್ತಿದರು. ಆಮೇಲೆ ಕುರ್ಚಿಗೆ ಬಂದು ಗಂಟಲು ಸರಿಮಾಡಿಕೊಂಡರು.

"ನೋಡಿ ಅಂಟಕ್ಕನವರೇ, ಮೊಹರು ಬಿದ್ದ ಮೇಲೆ ವಸ್ತು ಗ್ರಂಥಾಲಯದ್ದು. ದಾಸ್ತಾನಿನ ರಿಜಿಸ್ಟರಿಗೆ ಸೇರಿಸ್ಬೇಕಾಗುತ್ತೆ. ನಿಯಮ ನಾನು ಮಾಡಿದ್ದಲ್ಲ."

ಅಂಟಕ್ಕ ಸೆರಗಿನ ತುದಿಯನ್ನು ನಲ್ಲಿಯಲ್ಲಿ ನೆನೆಸಿ, ಬಾಟಲಿಯ ಮೇಲಿನ ಚೀಟಿಗೆ ಒತ್ತಿ ಹಿಡಿದಳು. ಮನಸ್ಸಿನಲ್ಲೇ ಹತ್ತು ಎಣಿಸಿದಳು. ಮೂಲೆಯಿಂದ ಉಗುರು ಹಾಕಿ, ಒಂದು ಚೂರೂ ಹರಿಯದಂತೆ ಇಡೀ ಚೀಟಿಯನ್ನು ಸುಲಿದು ಸಾಹೇಬರ ಮೇಜಿನ ಮೇಲೆ ಹರಡಿದಳು. ಈ ಕೆಲಸವನ್ನು ಅವಳಷ್ಟು ನಾಜೂಕಾಗಿ ಮಾಡುವವರು ಇನ್ನೊಬ್ಬರಿರಲಿಲ್ಲ.

"ನಿಮ್ಮ ಮೊಹರು ಇಲ್ಲಿದೆ ಸರ್. ಇದನ್ನ ಸೇರಿಸ್ಕೊಳ್ಳಿ." ಆಮೇಲೆ ಎರಡೂ ಅಂಗೈಯನ್ನು ನಿಯಮದ ಪುಸ್ತಕದ ಮೇಲೆಯೇ ಚಾಚಿದಳು. "ಈ ಲೈಬ್ರರಿಯ ಅರ್ಧ ಪುಸ್ತಕಕ್ಕೆ ಬೆನ್ನು ಕಟ್ಟಿರೋದು ಈ ಕೈ. ಇಪ್ಪತ್ತೆರಡು ವರ್ಷದಲ್ಲಿ ಕೈ ಹೇಗಿದೆ ಅಂತ ಯಾರೂ ಕೇಳ್ಲಿಲ್ಲ, ನಾನೂ ಕೇಳ್ಕೊಳ್ಳಲಿಲ್ಲ. ನಿನ್ನೆ ಕೇಳ್ಕೊಂಡೆ. ನನ್ನ ದುಡ್ಡಲ್ಲಿ ತಂದ್ಕೊಂಡೆ. ಬಾಟಲಿನ ರಿಜಿಸ್ಟರಿಗೆ ಸೇರಿಸೋದಾದ್ರೆ ಕೈನೂ ಸೇರಿಸ್ಕೊಂಡ್ಬಿಡಿ. ನಂಬರ್ ಹಾಕಿ ಕಪಾಟಲ್ಲಿಡಿ."

ಸಾಹೇಬರು ಆ ಅಂಗೈಗಳನ್ನು ನೋಡಿದರು. ಕೊನೆಗೆ ತಗ್ಗಿದ ದನಿಯಲ್ಲಿ, ಹಾಗಾದರೆ ಒಂದು ಹೇಳಿಕೆ ಬರೆದುಕೊಡಿ, ದೂರಿಗೆ ಉತ್ತರ ಕೊಡಬೇಕಲ್ಲ ಎಂದರು.

ಅಂಟಕ್ಕ ನಿಂತಲ್ಲೇ ಬರೆದಳು. ಈ ಬಾಟಲಿಯಲ್ಲಿರುವುದು ಅತ್ಯುತ್ತಮ ದರ್ಜೆಯ ಹ್ಯಾಂಡ್‌ವಾಶ್ ಎಂದೂ, ಅದು ತನ್ನ ಸ್ವಂತದ್ದೆಂದೂ, ತನ್ನ ಎರಡು ಕೈಗಳ ಹೊರತು ಬೇರೆ ಯಾವ ಕೈಗೂ ಅದರ ಮೇಲೆ ಹಕ್ಕಿಲ್ಲವೆಂದೂ, ಅದೇ ರೀತಿ ಬೇರೆಯವರ ಬಾಟಲಿಗೆ ತಾನೂ ಎಂದೆಂದಿಗೂ ಕೈಯೊಡ್ಡುವುದಿಲ್ಲವೆಂದೂ ಬರೆದು ಸಹಿ ಹಾಕಿದಳು. ಕೊನೆಯ ಸಾಲನ್ನು ಯಾರೂ ಕೇಳಿರಲಿಲ್ಲ, ಸಿಟ್ಟಿನಲ್ಲಿ ತಾನಾಗಿ ಬಂತು. ಸಾಹೇಬರು ಅದನ್ನು ಸೂಚನಾ ಫಲಕಕ್ಕೆ ಹಾಕಿಸಿದರು. ಪೇಪರ್ ತಾತ ಅದನ್ನೂ ಮೊದಲಿಂದ ಕೊನೆಯವರೆಗೆ ಓದಿದರು.

ಆದರೆ ಮಧ್ಯಾಹ್ನದ ಮೇಲೆ ಗಾಳಿ ತಿರುಗಿತು. ಕೌಂಟರಿನ ಹೆಂಗಸು ಬಂದು, ಅಂಗಡಿ ಯಾವುದು ಎಂದು ಕೇಳಿದಳು. ಬೆಳಿಗ್ಗೆ ತೊಳೆದ ಕೈ ಇನ್ನೂ ಬೆಣ್ಣೆಯ ಹಾಗಿದೆಯಂತೆ, ತಾನೂ ಒಂದು ಕೊಂಡುಬಿಡುತ್ತಾಳಂತೆ. ತಾತ ಬಂದು ಅದೇ ವಿಳಾಸ ಬರೆದುಕೊಂಡರು, ತಮ್ಮ ವಯಸ್ಸು ಬೆರಳಿನಿಂದ ಹಿಂದಕ್ಕೆ ಹೋಗುತ್ತಿದೆ ಎಂದರು. ಅಂಟಕ್ಕ ಧಾರಾಳವಾಗಿ ದಾರಿ ಹೇಳಿದಳು. ಗೆದ್ದವರಿಗೆ ಧಾರಾಳ ಕಷ್ಟವಲ್ಲ. ಸಂಜೆ ಕೆಲಸ ಮುಗಿಸಿ ಮತ್ತೊಂದು ಸಲ ಕೈ ತೊಳೆದು, ಬಾಟಲಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೈ ಬೀಸಿಕೊಂಡು ಮನೆಗೆ ನಡೆದಳು.

ಮನೆಯಲ್ಲಿ ಬೆಳಗಿನ ಪಾತ್ರೆಗಳು ಹಾಗೇ ರಾಶಿ ಬಿದ್ದಿದ್ದವು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮೊನ್ನೆ ತಾನೇ ತಂದ ಪಾತ್ರೆ ತೊಳೆಯುವ ಲಿಕ್ವಿಡ್ ಡಬ್ಬಿಯ ತಳದಲ್ಲಿ ಒಂದು ತೊಟ್ಟೂ ಇಲ್ಲ, ಯಾರು ಕುಡಿದರೋ ಎಂದು ದೂರಿದರು. ಅಂಟಕ್ಕನ ಕಿವಿಗೆ ಅದು ಬೀಳಲಿಲ್ಲ. ಗಂಡನ ಎದುರು ಕೂತು ಸಾಹೇಬರ ಕೋಣೆಯ ಕತೆಯನ್ನೆಲ್ಲ ಹೇಳಿ, "ಮುಟ್ಟಿ ನೋಡಿ ರೀ, ಹೇಗಾಗಿದೆ" ಎಂದು ಕೈ ಚಾಚಿದಳು.

ಗಂಡ ಮುಟ್ಟಲಿಲ್ಲ. ಅವನ ಮುಖ ಚಾವಿ ಮುಗಿದ ಗಡಿಯಾರದಂತೆ ನಿಂತುಹೋಗಿತ್ತು.

"ಬೈಬೇಡ. ಬೆಳಿಗ್ಗೆ ಆ ಸ್ಪ್ರಿಂಗ್ ಹೇಗಿದೆ ಅಂತ ಬಿಚ್ಚಿದೆ. ಬಾಟಲಿ ಜಾರಿ, ಇದ್ದದ್ದೆಲ್ಲ ಮೋರಿಗೆ ಹೋಯ್ತು. ನೀನು ಏಳೋದ್ರೊಳಗೆ ಏನಾದ್ರೂ ತುಂಬಿಸ್ಬೇಕಿತ್ತಲ್ಲ..."

"ಏನು ತುಂಬಿಸಿದ್ರಿ?"

ಅವನು ಪಾತ್ರೆ ರಾಶಿಯ ಕಡೆ ನೋಡಿದ. ಆಮೇಲೆ ಮೆಲ್ಲಗೆ, ವಾಸನೆಗಿರಲಿ ಅಂತ ಗಡ್ಡ ಹೆರೆದ ಮೇಲೆ ಹಚ್ಚುವ ಲೋಶನ್ನನ್ನೂ ಎರಡು ಮುಚ್ಚಳ ಹಾಕಿದ್ದಾಗಿ ಹೇಳಿದ.

ಅಂಟಕ್ಕ ಎದ್ದು, "ಪರ್ಸು ತಗೊಳ್ಳಿ" ಎಂದಳು. ಅಷ್ಟೇ. ಗಂಡ ಚಪ್ಪಲಿ ಅದಲು ಬದಲು ಹಾಕಿಕೊಂಡು ಹಿಂದೆ ಓಡಿದ. ಅದೇ ಬಾಟಲಿ, ಅವನ ದುಡ್ಡಿನಲ್ಲಿ, ಈಗಲೇ. ಬೆಳಿಗ್ಗೆ ಯಾರಿಗೂ ತಿಳಿಯದಂತೆ ಕಪಾಟಿನಲ್ಲಿ ಬದಲಾಯಿಸಿದರೆ ಮುಗಿಯಿತು. ಸೋಲುವ ಪ್ರಶ್ನೆಯೇ ಇಲ್ಲ.

ದಿನಸಿ ಅಂಗಡಿಯ ಗಾಜಿನ ಕಪಾಟು ಬರಿದಾಗಿತ್ತು. ಅಂಗಡಿಯವನು ಅವಳನ್ನು ಕಂಡು ಮುಖ ತುಂಬ ನಕ್ಕ. ವರ್ಷದಿಂದ ಕೂತಿದ್ದ ಮೂರು ಬಾಟಲಿಯೂ ಒಂದೇ ಸಂಜೆಗೆ ಹೋಯಿತಂತೆ. ಮೊದಲು ಒಬ್ಬ ಹೆಂಗಸು, ಆಮೇಲೆ ಒಬ್ಬ ತಾತ, ಎಲ್ಲ ಗ್ರಂಥಾಲಯದ ಕಡೆಯವರು, ಎಲ್ಲರೂ ಅವಳ ಹೆಸರನ್ನೇ ಹೇಳಿದರಂತೆ. ಮತ್ತೆ ಬರುವುದು ಅನುಮಾನ, ಕಂಪನಿಯವರು ಈ ಸಾಮಾನನ್ನೇ ನಿಲ್ಲಿಸಿದ್ದಾರೆ ಎಂದ. ಮೂರನೆಯ ಬಾಟಲಿ ಇನ್ನೂ ಅಂಗಡಿ ಬಿಟ್ಟಿರಲಿಲ್ಲ. ಅದನ್ನು ಕೊಡೆಯ ಮರೆಯಲ್ಲಿ ಹಿಡಿದುಕೊಂಡು ಮುಖ್ಯ ಗ್ರಂಥಪಾಲಕರು ನಿಂತಿದ್ದರು.

ಸಾಹೇಬರಿಗೆ ನಾಚಿಕೆಯಾಯಿತು. ಮನೆಯವರಿಗೆ ಬೇಕಿತ್ತು ಎಂದರು. ಆಮೇಲೆ ಅವಳ ಮುಖ ನೋಡಿ, ಬಾಟಲಿಯನ್ನು ಮುಂದೆ ಚಾಚಿದರು.

"ನೀವೂ ಇದಕ್ಕೇ ಬಂದ್ರಾ? ಬೇಕಾದ್ರೆ ನೀವೇ ಇಟ್ಕೊಳ್ಳಿ. ಆದ್ರೆ ನಿಮ್ಮದು ಮುಕ್ಕಾಲು ಹಾಗೇ ಇತ್ತಲ್ಲ, ಏನಾಯ್ತು?"

ಗಂಡ ಬಾಯಿ ತೆರೆದ. ಅಂಟಕ್ಕ ಅವನ ಕಾಲು ತುಳಿದಳು. ಹೂಂ ಅಂದರೆ ಬಾಟಲಿ ಕೈಗೆ ಬರುತ್ತದೆ. ಅದರ ಜೊತೆಗೆ ಏನಾಯ್ತು ಎಂಬುದಕ್ಕೆ ಉತ್ತರವನ್ನೂ ಕೊಡಬೇಕು, ಮಧ್ಯಾಹ್ನ ಸಾಹೇಬರು ಎರಡೆರಡು ಸಲ ಒತ್ತಿ ಪರಿಶೀಲಿಸಿದ್ದು ಏನನ್ನು ಎಂಬುದನ್ನೂ ಹೇಳಬೇಕು. ಅವಳು ಒಡೆದ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಕತ್ತನ್ನು ನೆಟ್ಟಗೆ ಮಾಡಿದಳು.

"ಏನೂ ಆಗಿಲ್ಲ ಸರ್. ನನ್ನದು ನನ್ನ ಹತ್ರ ಬೇಕಾದಷ್ಟಿದೆ."

ಹಾಗಾದರೆ ನಿಮಗೇನು ಕೊಡಲಿ ಎಂದು ಅಂಗಡಿಯವನು ಕೇಳಿದ. ಸಾಹೇಬರೂ ಹೋಗದೆ ನಿಂತು ನೋಡುತ್ತಿದ್ದರು. ಅಂಟಕ್ಕ ಇಡೀ ಅಂಗಡಿಗೆ ಕೇಳುವಂತೆ ಹೇಳಿದಳು.

"ಪಾತ್ರೆ ತೊಳೆಯೋ ಲಿಕ್ವಿಡ್. ದೊಡ್ಡ ಕ್ಯಾನೇ ಕೊಡಿ."